ಹೀರೋ ಹಾಕಿದ್ರೆ ಫ್ಯಾಷನ್, ನಾವು ಹಾಕಿದ್ರೆ ಹಳೇ ಬಟ್ಟೆ!

ಸಿನಿಮಾ ಪತ್ರಿಕೆಯಲ್ಲಿ ಹಳೇ ಬಟ್ಟೆ ಪುರಾಣ ಯಾಕೆ ಅಂತ ಪುಟ ಮಗುಚಬೇಡಿ ಮಿತ್ರರೇ. ನಿಮ್ಮ ಬಸ್ಸು ಹೊರಡೋಕೆ ಇನ್ನೂ ಟೈಮಿದೆ, ಕಂಡಕ್ಟರ್ ಟೀ ಕುಡೀತಿದ್ದಾನೆ. ಅಷ್ಟರಲ್ಲಿ ಒಂದು ಪ್ರಶ್ನೆ. 1980ರಲ್ಲಿ ತೆರೆಕಂಡ 'ಆಟೋ ರಾಜ' ಚಿತ್ರದಲ್ಲಿ ಶಂಕರ್‌ನಾಗ್ ತೊಟ್ಟಿದ್ದು ಯಾವ ದೇಶದ ಫ್ಯಾಷನ್? ಯಾವ ದೇಶದ್ದೂ ಅಲ್ಲ. ಆಟೋ ಓಡಿಸೋರು ದಿನಾ ಒಗೆದು ಹಾಕ್ಕೊಳ್ಳೋ ಖಾಕಿ ಅಂಗಿ! ಅದೇ ಅಂಗಿ ಶಂಕರಣ್ಣನ ಮೈಮೇಲೆ ಬಂದಾಗ ಥಿಯೇಟರಿನಲ್ಲಿ ಶಿಳ್ಳೆ ಬಿತ್ತು. 1990ರ ಸೆಪ್ಟೆಂಬರ್ 30ರಂದು ಅವರು ನಮ್ಮನ್ನ ಬಿಟ್ಟು ಹೋದರು. ಇವತ್ತಿಗೂ ಬೆಂಗಳೂರಿನ ಆಟೋಗಳ ಬೆನ್ನ ಮೇಲೆ ಅವರ ಚಿತ್ರ ಇದೆ. ಕೆಲಸದ ಬಟ್ಟೆ ಹೆಮ್ಮೆಯ ಬಟ್ಟೆ ಆಗಿದ್ದು ಹೀಗೆ.

ಈಗ ನನ್ನ ವಿಷಯ. ವಯಸ್ಸು ಇಪ್ಪತ್ತೆಂಟು. ಪಿಯುಸಿ ಅರ್ಧಕ್ಕೆ ಬಿಟ್ಟೋನು. ಬರೆದಷ್ಟಕ್ಕೆ ಕಾಸು, ಬರೀದಿದ್ರೆ ಉಪವಾಸ. ಪದ್ಮನಾಭನಗರದಲ್ಲಿ ಒಂದು ಮಹಡಿ ಮೇಲಿನ ಬಾಡಿಗೆ ಮನೆ. ಮೊದಲ ಸಲ ಒಂದು ಲೇಖನಕ್ಕೆ ಒಳ್ಳೇ ದುಡ್ಡು ಬಂದಾಗ ಜಯನಗರ 4ನೇ ಬ್ಲಾಕಿಗೆ ಹೋಗಿ ಮಂಡಿ ಹತ್ರ ಹರಿದಿರೋ ಜೀನ್ಸ್ ತಂದೆ. ಅಮ್ಮ ಅದನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, "ಹರಕನ್ನ ದುಡ್ಡು ಕೊಟ್ಟು ತಂದ್ಯೇನೋ? ಮನೇಲಿ ಸುಮ್ನೇ ಇತ್ತಲ್ಲೋ!" ಅಂದ್ರು. ಆ ಮಾತಿನ ಹಿಂದೆ ಹೊರಟೋನೇ ಈ ಲೇಖನದವರೆಗೂ ಬಂದಿದ್ದೀನಿ.

ಟ್ರಂಕಿನ ಗುಟ್ಟು

ನಮ್ಮ ಬೀದಿ ಕೊನೇಲಿ ಒಂದು ಟೈಲರ್ ಅಂಗಡಿ. ಒಂದು ಶಟರ್, ಎರಡು ಮಿಷನ್, ಗೋಡೆ ಮೇಲೆ ಅಣ್ಣಾವ್ರ ಕ್ಯಾಲೆಂಡರ್. ಅರವತ್ತು ದಾಟಿರೋ ಅವರನ್ನ ಬೀದಿಯೋರೆಲ್ಲ ಟೈಲರ್ ಮಾಮ ಅಂತಾರೆ. ವಯಸ್ಸಿದ್ದಾಗ ಗಾಂಧಿನಗರದ ಒಬ್ಬ ಕಾಸ್ಟ್ಯೂಮರ್ ಕೈಕೆಳಗೆ ಹನ್ನೆರಡು ವರ್ಷ ದುಡಿದೋರು. ಹಳೇ ಚಿತ್ರ ಟೀವಿಯಲ್ಲಿ ಬಂದ್ರೆ ಕಥೆ ನೋಡಲ್ಲ. "ಆ ಕೋಟಿನ ತೋಳು ನಾನು ಕೂರಿಸಿದ್ದು" ಅಂತಾರೆ. ಆದ್ರೆ ಟೈಟಲ್ ಕಾರ್ಡಿನಲ್ಲಿ 'ವಸ್ತ್ರಾಲಂಕಾರ' ಅಂತ ಬರುತ್ತಲ್ಲ, ಅದರ ಕೆಳಗೆ ಅವರ ಹೆಸರು ಒಂದು ಸಲವೂ ಬರಲಿಲ್ಲ.

ಒಂದು ಮಳೆ ಸಂಜೆ ಅವರೇ ಬಿಚ್ಚಿಟ್ಟ ಗುಟ್ಟು ಕೇಳಿ. "ಫೈಟ್ ಸೀನಿಗೆ ಒಂದೇ ಅಂಗಿ ಅಂದ್ಕೊಂಡಿದ್ದೀಯಾ? ಹೀರೋಗೆ ಒಂದು, ಡ್ಯೂಪಿಗೆ ಒಂದು, ಹರಿಯೋಕೆ ಒಂದು, ರಕ್ತ ಬಳಿಯೋಕೆ ಇನ್ನೊಂದು. ಎಲ್ಲಾ ಒಂದೇ ಥಾನಿನ ಬಟ್ಟೆ. ಬಡವನ ಪಾತ್ರಕ್ಕೆ ಹೊಸ ಅಂಗಿ ಕೊಟ್ರೆ ಕ್ಯಾಮೆರಾ ಕಣ್ಣಿಗೆ ಕುಕ್ಕುತ್ತೆ. ಅದಕ್ಕೆ ಟೀ ಡಿಕಾಕ್ಷನ್ನಿನಲ್ಲಿ ಅದ್ದಿ, ಉಪ್ಪು ಕಾಗದದಲ್ಲಿ ಕಾಲರ್ ಉಜ್ಜಿ, ಮೊಣಕೈ ಹತ್ರ ತೇಪೆ ಹಾಕ್ತಿದ್ವಿ. ಶೂಟಿಂಗ್ ಮುಗೀತು, ಎಲ್ಲಾ ಟ್ರಂಕಿಗೆ. ಮುಂದಿನ ಚಿತ್ರಕ್ಕೆ ಅದೇ ಅಂಗಿಗೆ ಕಾಲರ್ ಬದಲಾಯ್ಸು, ಗುಂಡಿ ಬದಲಾಯ್ಸು, ಹೀರೋ ಅಂಗಿ ಹೀರೋ ಸ್ನೇಹಿತನ ಅಂಗಿ ಆಯ್ತು!"

ಇದು ಮಾಮ ಒಬ್ಬರ ಕಥೆ ಅಲ್ಲ. ಮುಂಬಯಿಯಲ್ಲೂ ಇದೇ ಪದ್ಧತಿ. 2005ರ 'ಬಂಟಿ ಔರ್ ಬಬ್ಲಿ'ಯ ಕುಣಿತವೊಂದಕ್ಕೆ ಐಶ್ವರ್ಯಾ ರೈ ತೊಟ್ಟಿದ್ದ ಉಡುಪು 2010ರ 'ಬ್ಯಾಂಡ್ ಬಾಜಾ ಬಾರಾತ್'ನಲ್ಲಿ ಹಿಂದಿನ ಸಾಲಿನ ನರ್ತಕಿಯ ಮೈಮೇಲೆ ಬಂತು. ಯಾರಿಗೂ ಗೊತ್ತಾಗಲಿಲ್ಲ. 1939ರ ಹಾಲಿವುಡ್ ಚಿತ್ರ 'ಗಾನ್ ವಿತ್ ದಿ ವಿಂಡ್'ನಲ್ಲಂತೂ ಯುದ್ಧದಲ್ಲಿ ಎಲ್ಲಾ ಕಳಕೊಂಡ ನಾಯಕಿ ಮನೆಯ ಹಸಿರು ವೆಲ್ವೆಟ್ ಪರದೆ ಕಿತ್ತು ಗೌನು ಹೊಲಿಸ್ಕೋತಾಳೆ. ಇನ್ನು ನಮ್ಮ ಗಡಿಯಾಚೆಯ ಕೊಲ್ಹಾಪುರದಲ್ಲಿ ಹುಟ್ಟಿದ ಭಾನು ಅಥೈಯಾ, ಜಾನ್ ಮೊಲ್ಲೋ ಜೊತೆ ಸೇರಿ 'ಗಾಂಧಿ' ಚಿತ್ರಕ್ಕೆ 1983ರಲ್ಲಿ ಆಸ್ಕರ್ ತಗೊಂಡರು. ಆಸ್ಕರ್ ಗೆದ್ದ ಮೊದಲ ಭಾರತೀಯರು ಅವರೇ. ಆ ಚಿತ್ರದಲ್ಲಿ ನೀವು ನೋಡೋದು ಜರಿ ಪೀತಾಂಬರ ಅಲ್ಲ, ಹೆಚ್ಚಿನಂಶ ಸವೆದ ಖಾದಿ, ಮಾಸಿದ ಧೋತರ!

ಇಂಗ್ಲಿಷಿನಲ್ಲಿ ಇದಕ್ಕೀಗ ದೊಡ್ಡ ಹೆಸರು: ಅಪ್‌ಸೈಕ್ಲಿಂಗ್. 1994ರಲ್ಲಿ ರೈನರ್ ಪಿಲ್ಜ್ ಅನ್ನೋ ಜರ್ಮನಿಯ ಇಂಜಿನಿಯರ್ ಆಡಿದ ಮಾತಿನಿಂದ ಆ ಪದ ಅಚ್ಚಿಗೆ ಬಂತು. ಹಳೇದನ್ನ ಪುಡಿ ಮಾಡಿ ಮತ್ತೆ ಕಚ್ಚಾ ಮಾಲು ಮಾಡೋದು ಬೇರೆ. ಹಳೇದನ್ನೇ ಇಟ್ಕೊಂಡು ಅದರ ಬೆಲೆ ಏರಿಸೋದು ಬೇರೆ. ಈ ಎರಡನೇದು ನಮ್ಮ ಟೈಲರ್ ಮಾಮನಿಗೆ ಆ ಪದ ಹುಟ್ಟೋ ಮುಂಚೆನೇ ಗೊತ್ತಿತ್ತು.

ಹಳೇ ಬಟ್ಟೆಗೆ ಪಾತ್ರೆ

ಗೊತ್ತಿದ್ದೂ ನಮಗೆ ಹಳೇ ಬಟ್ಟೆ ಅಂದ್ರೆ ನಾಚಿಕೆ ಯಾಕೆ? ನಾನು ಹುಡುಗ ಆಗಿದ್ದಾಗ ಮಧ್ಯಾಹ್ನ ಹೊತ್ತು ಬೀದೀಲಿ ಒಂದು ಕೂಗು ಕೇಳ್ತಿತ್ತು: "ಹಳೇ ಬಟ್ಟೇಗೆ ಪಾತ್ರೇ..." ತಲೆ ಮೇಲೆ ಸ್ಟೀಲ್ ಪಾತ್ರೆ ಬುಟ್ಟಿ, ಹೆಗಲಲ್ಲಿ ಬಟ್ಟೆ ಗಂಟು. ಎರಡು ಪ್ಯಾಂಟು, ಮೂರು ಸೀರೆ ಕೊಟ್ರೆ ಒಂದು ಡಬರಿ. ಅರ್ಧ ಗಂಟೆ ಚೌಕಾಸಿ! ಹಾಗೆ ಹೋದ ಎಷ್ಟೋ ಬಟ್ಟೆ ಒಗೆಸ್ಕೊಂಡು, ಹೊಲಿಸ್ಕೊಂಡು, ಇಸ್ತ್ರಿ ಕಂಡು ಪೇಟೆಯ ಸಂಡೇ ಬಜಾರಿಗೆ ಬರ್ತಿತ್ತು. ಕೊಡೋವಾಗ ಯಾರೂ ನಾಚ್ಕೊಳ್ತಿರಲಿಲ್ಲ. ಸಂಡೇ ಬಜಾರಿನಲ್ಲಿ ಕೊಳ್ಳೋವಾಗ ಮಾತ್ರ ಗುರುತಿನೋರು ಯಾರಾದ್ರೂ ಇದ್ದಾರಾ ಅಂತ ಹಿಂದೆ ತಿರುಗಿ ನೋಡೋದು. ಇದ್ದೋರು ಹಾಕಿದ್ರೆ ಶೋಕಿ, ಇಲ್ಲದೋರು ಹಾಕಿದ್ರೆ ದಾರಿದ್ರ್ಯ. ನಾಚಿಕೆ ಬಟ್ಟೇಲಿಲ್ಲ ಸ್ವಾಮೀ, ನೋಡೋರ ಕಣ್ಣಲ್ಲಿದೆ.

ನಮ್ಮಮ್ಮ ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷ ಕಾಲರ್ ಕೂರಿಸಿದೋರು. ಅವರು ಹೊಲಿದ ಅಂಗಿ ಯಾವ್ಯಾವ ದೇಶಕ್ಕೆ ಹೋಯ್ತೋ, ಅದರ ಪಟ್ಟಿ ಮೇಲೆ ಇದ್ದದ್ದು ಪರದೇಶದ ಕಂಪನಿ ಹೆಸರು. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ ತಡೆದು, ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಳ್ಳೋ ಹಾಗೆ ಮಾಡಿದ್ರಲ್ಲ, ಆ ಗುಂಪಿನಲ್ಲಿ ಅಮ್ಮನೂ ಇದ್ದರು. 2020ರ ಲಾಕ್‌ಡೌನ್ ಆದಮೇಲೆ ಅವರನ್ನ ಕೆಲಸಕ್ಕೆ ಮತ್ತೆ ಕರೀಲಿಲ್ಲ. ಮನೇಲೇ ಒಂದು ಮಿಷನ್ ಇಟ್ಕೊಂಡು ಫಾಲ್ಸು, ಜಿಗ್‌ಜಾಗು, ನೈಟಿ ಅಂತ ಹೊಲಿಯೋಕೆ ಕೂತರು.

ಕಟೌಟಿನ ದುಡ್ಡು

ಇನ್ನು ನಮ್ಮ ಬೀದಿ ಹುಡುಗರ ಅಭಿಮಾನಿ ಸಂಘ. ಯಾವ ನಾಯಕನಟನದು ಅಂತ ಬರೆಯಲ್ಲ. ಬರೆದ್ರೆ ನಿಮ್ಮಲ್ಲಿ ಅರ್ಧ ಜನ ಇಲ್ಲಿಗೇ ಪತ್ರಿಕೆ ಮಡಚಿ ಇಟ್ಟುಬಿಡ್ತೀರಿ! ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ಸರ್ಕಾರ 2016ರಲ್ಲೇ ನಿಷೇಧಿಸಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸ್ ಕೆಳಗಿಳಿದವು. ಆದ್ರೂ ಹುಟ್ಟುಹಬ್ಬ ಬಂದ್ರೆ, ಚಿತ್ರ ಬಿಡುಗಡೆ ಆದ್ರೆ, ಕೈ ಕಟ್ಟಿ ಕೂರೋಕಾಗುತ್ತಾ? ಹಾಗೆ ಹಾಕಿ ಇಳಿಸಿದ ಫ್ಲೆಕ್ಸ್ ಸುರುಳಿಗಳು ಒಬ್ಬ ಸದಸ್ಯನ ತಾರಸಿ ಮೇಲೆ ರಾಶಿ ಬಿದ್ದಿದ್ದವು. ಸುಡೋ ಹಾಗಿಲ್ಲ, ಪಿವಿಸಿ ಹೊಗೆ ವಿಷ. ಕಸದ ಗಾಡಿಗೆ ಹಾಕೋಕೆ ಮನಸ್ಸಿಲ್ಲ, ಅಣ್ಣನ ಮುಖ!

2024ರ ಜನವರಿ 8. ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ, ಯಶ್ ಹುಟ್ಟುಹಬ್ಬಕ್ಕೆ ರಾತ್ರಿಯಲ್ಲಿ ಕಟೌಟ್ ನಿಲ್ಲಿಸೋಕೆ ಹೋಗಿ ಮೂವರು ಹುಡುಗರು ಕರೆಂಟ್ ಹೊಡೆದು ಸತ್ತರು. ಯಶ್ ಅವತ್ತೇ ಆ ಮನೆಗಳಿಗೆ ಹೋಗಿ, ಅಭಿಮಾನ ಹೀಗೆ ತೋರಿಸಬೇಡಿ ಅಂತ ಕೇಳಿಕೊಂಡರು. ನಮ್ಮ ಕೆಳಗಿನ ಮನೇಲಿ ಲಕ್ಷ್ಮೇಶ್ವರದ ಕಡೆಯಿಂದ ಬಂದು ಮಗನ ಜೊತೆ ಇರೋ ಒಬ್ಬ ಅಜ್ಜಿ ಇದ್ದಾರೆ. ಸುದ್ದಿ ಕೇಳಿದ ದಿನ ಅವರು ಸಂಘದ ಹುಡುಗರನ್ನ ಗೇಟಿನ ಹತ್ರ ನಿಲ್ಲಿಸಿ, "ನಮ್ಮ ಕಡೆ ಹುಡುಗ್ರೋ ತಮ್ಮಾ. ನಿಮ್ಮಷ್ಟs ವಯಸ್ಸು. ಕಂಬ ಏರಬ್ಯಾಡ್ರೋ" ಅಂತ ಕಣ್ಣೀರು ಹಾಕಿದರು. ಹುಡುಗರು ಮಾತಾಡಲಿಲ್ಲ. ಆ ವರ್ಷ ಕಟೌಟಿಗೆ ಅಂತ ಕೂಡಿಸಿದ್ದ ದುಡ್ಡು ಡಬ್ಬಿಯಲ್ಲೇ ಉಳೀತು.

"ಅಣ್ಣನ ಹೆಸರಲ್ಲಿ ಬೇರೆ ಏನಾದ್ರೂ ಮಾಡೋಣ, ಜನ ನೋಡಬೇಕು" ಅಂತ ಚರ್ಚೆ. ಅನ್ನದಾನ, ರಕ್ತದಾನ ಆಗಲೇ ಮಾಡ್ತಿದ್ರು. ತಾರಸಿ ಮೇಲಿನ ಫ್ಲೆಕ್ಸ್ ನೆನಪಾಗಿದ್ದು ಟೈಲರ್ ಮಾಮನಿಗೆ. "ಅದನ್ನ ಕೊಡ್ರೋ, ಚೀಲ ಹೊಲಿಯೋಣ. ಮನೇಲಿ ಹಳೇ ಜೀನ್ಸ್, ಸೀರೆ ಏನಿದ್ರೂ ತನ್ನಿ" ಅಂದ್ರು.

ಅಣ್ಣನ ಮುಖದ ಮೇಲೆ ಈರುಳ್ಳಿ!

ಹೊಲಿಯೋಣ ಅಂದಷ್ಟು ಸುಲಭ ಅಲ್ಲ. ಫ್ಲೆಕ್ಸಿಗೆ ಸಣ್ಣ ಹೊಲಿಗೆ ಹಾಕಿದ್ರೆ ಅಂಚೆಚೀಟಿ ಹರಿದ ಹಾಗೆ ತೂತಿನ ಸಾಲಿಗೇ ಹರಿಯುತ್ತೆ. ಉದ್ದ ಹೊಲಿಗೆ ಬೇಕು. ಮಿಷನ್ ಕಾಲಿಗೆ ಅಂಟ್ಕೊಂಡು ಮುಂದಕ್ಕೆ ಹೋಗಲ್ಲ, ಮೇಲೆ ನ್ಯೂಸ್ ಪೇಪರ್ ಇಟ್ಟು ಹೊಲಿದು ಆಮೇಲೆ ಕೀಳಬೇಕು. ಇಸ್ತ್ರಿ ತೋರಿಸಿದ್ರೆ ಕರಗುತ್ತೆ. ಜೀನ್ಸಿಗೆ 18ನೇ ನಂಬರ್ ಸೂಜಿ ಇಲ್ಲದಿದ್ರೆ ಟಪ್ ಅಂತ ಮುರಿಯುತ್ತೆ. ಹಳೇ ಬಟ್ಟೆ ಅಂತ ಸಿಕ್ಕ ಹಾಗೆ ಕತ್ತರಿಸೋದಲ್ಲ: ಮೊದಲು ಒಗೆದು ಬಿಸಿಲಿಗೆ ಹಾಕು, ಹೊಲಿಗೆ ಬಿಚ್ಚು, ಬೆಳಕಿಗೆ ಹಿಡಿದು ಸವೆದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕು, ಗಟ್ಟಿ ಇರೋ ಭಾಗ ಮಾತ್ರ ಎತ್ಕೋ. ಪ್ಯಾಂಟಿನಲ್ಲಿ ಮಂಡಿ, ಸೀಟು ಹೋಗಿರುತ್ತೆ, ಮಂಡಿ ಕೆಳಗಿನದು ಹೊಸದರ ಹಾಗೇ ಇರುತ್ತೆ. ಸೀರೇಲಿ ಒಳಸುತ್ತು ಸವೆದಿರುತ್ತೆ, ಸೆರಗು ಗಟ್ಟಿ.

ಒಂದು ವಾರದಲ್ಲಿ ಮೊದಲ ಚೀಲ ತಯಾರು. ಸಂಘದ ಕಾರ್ಯದರ್ಶಿ ನೋಡಿದೋನೇ ಕೆಂಡ! "ಮಾಮಾ, ಅಣ್ಣನ ಮುಖ ಒಳಗಡೆ ಹಾಕಿದ್ದೀರಲ್ಲ! ಅಣ್ಣನ ಮುಖದ ಮೇಲೆ ಈರುಳ್ಳಿ ಸುರಿಯೋದಾ?" ಸರಿ, ಮುಖ ಹೊರಗೆ ಹಾಕಿದ್ರು. "ಹೊರಗಿದ್ರೆ ಬಸ್ಸಲ್ಲಿ ಕಾಲಿನ ಹತ್ರ ಇಡ್ತಾರೆ!" ಅಂತ ಇನ್ನೊಬ್ಬ. ಎರಡು ದಿನ ಇದೇ ಜಗಳ. ಕೊನೆಗೆ ಅಮ್ಮ ತೀರ್ಪು ಕೊಟ್ಟರು: ಮುಖಗಳನ್ನೆಲ್ಲ ಕತ್ತರಿಸಿ ಜೀನ್ಸ್ ಜಾಕೆಟ್ಟಿನ ಬೆನ್ನಿಗೆ, ಉಳಿದ ಬಣ್ಣದ ಭಾಗ, ಅಕ್ಷರಗಳು ಚೀಲಕ್ಕೆ. ಆ ಅಕ್ಷರಗಳೇ ಮಜಾ ತಂದವು. 'ಹುಟ್ಟುಹಬ್ಬದ ಶುಭಾಶ' ಅಂತ ಒಂದು ಚೀಲ, 'ಯಗಳು' ಅಂತ ಇನ್ನೊಂದು. ಕಾಲೇಜು ಹುಡುಗಿಯರು ಆ ಜೋಡಿಯನ್ನೇ ಹುಡುಕಿ ತಗೊಂಡರು ಅಂದ್ರೆ ನಂಬ್ತೀರಾ?

ಅಜ್ಜಿಯ ಕೌದಿ, ಸಿದ್ದಿಯರ ಹೂವು

ಮಿಷನ್ ಸದ್ದು ಕೇಳಿ ಲಕ್ಷ್ಮೇಶ್ವರದ ಅಜ್ಜಿ ಮೇಲೆ ಬಂದರು. ಮೂಲೆಯಲ್ಲಿ ರಾಶಿ ಬಿದ್ದಿದ್ದ ಚೂರುಗಳನ್ನ ನೋಡಿ, "ಇವನ್ನ ಯಾಕ ಒಗೀತೀರಿ? ನಾ ಕೌದಿ ಹೊಲೀತೇನಿ" ಅಂತ ಕೂತೇಬಿಟ್ಟರು. ಉತ್ತರ ಕರ್ನಾಟಕದಲ್ಲಿ ಕೌದಿ ಇಲ್ಲದ ಮನೆ ಅಪರೂಪ. ಹಳೇ ಸೀರೆ, ಧೋತರ ಪದರ ಪದರ ಹಾಸಿ ಮೇಲೆ ಬಣ್ಣದ ತುಂಡು ಜೋಡಿಸಿ ಕೈಯಲ್ಲೇ ಸಾಲು ಸಾಲು ಹೊಲಿಗೆ. ಅಜ್ಜಿ ಉಟ್ಟ ಸೀರೆ ಮೊಮ್ಮಗನಿಗೆ ಹೊದಿಕೆ ಆಗುತ್ತೆ.

ಅಜ್ಜಿ ಹೊಲಿಗೆ ನೋಡಿದ ಮೇಲೆ ಇಂಥದ್ದು ಇನ್ನೆಲ್ಲಿದೆ ಅಂತ ಹುಡುಕಿದಾಗ ಉತ್ತರ ಕನ್ನಡದ ಸಿದ್ದಿಯರ ಸಂಗತಿ ಸಿಕ್ಕಿತು. ಸಿದ್ದಿ ಅಂದ ಕೂಡಲೇ ನಿಮಗೆ ನೆನಪಾಗೋದು ನೀನಾಸಮ್‌ನಲ್ಲಿ ಕಲಿತು ಬಂದ, 2011ರ 'ಪರಮಾತ್ಮ'ದಲ್ಲಿ ನಗಿಸಿದ ಪ್ರಶಾಂತ್ ಸಿದ್ದಿ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡಿನಂಚಿನಲ್ಲಿ ನೆಲೆಸಿದ ಜನ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಅವರ ಹೆಣ್ಣುಮಕ್ಕಳು ಹಳೇ ಬಟ್ಟೇಲಿ ಹೊಲಿಯೋ ಹೊದಿಕೆಗೆ ಕವಂದಿ ಅಂತಾರೆ. ಅಂಚಿನಿಂದ ಶುರು ಮಾಡಿ ಸುತ್ತಾ ಹೊಲಿಯುತ್ತಾ ನಡುವಿಗೆ ಬರ್ತಾರೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ಚೂರು, ಅದಕ್ಕೆ ಹೆಸರು ಫೂಲ, ಅಂದ್ರೆ ಹೂವು. ಹೂವಿಲ್ಲದ ಕವಂದಿ ಬೆತ್ತಲೆ ಅನ್ನೋದು ಅವರ ಲೆಕ್ಕ! ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದನ್ನ ಕಂಡು ಬೆರಗಾದರು. 2004ರಲ್ಲಿ ಸಿದ್ದಿ ಮಹಿಳೆಯರದೇ ಒಂದು ಹೊಲಿಗೆ ಸಹಕಾರ ಸಂಘ ಶುರುವಾಯ್ತು. ಮನೇಲಿ ಹೊದ್ದುಕೊಳ್ಳೋ ಕವಂದಿ ಅಮೆರಿಕದ ಪ್ರದರ್ಶನದ ಗೋಡೆ ಹತ್ತಿತು. ಒಬ್ಬೊಬ್ಬಳೇ ಹೊಲಿದಾಗ ಹೊದಿಕೆ, ಗುಂಪಾಗಿ ನಿಂತಾಗ ಕಲೆ ಮತ್ತು ಸಂಪಾದನೆ.

ಈ ಕಥೆ ಹೇಳಿದ್ದೇ ತಡ, ಅಜ್ಜಿ ನಮ್ಮ ಕೌದಿಯ ಮೂಲೆಗೂ ಒಂದೊಂದು ಹೂವು ಇಟ್ಟರು. "ಅವರೂ ನಮ್ಮವರs" ಅಂದ್ರು. ಟೈಲರ್ ಮಾಮ ಆ ಕೌದಿಗೇ ತೋಳು, ಕಾಲರ್ ಕೂರಿಸಿ ಕೋಟು ಮಾಡಿಬಿಟ್ಟರು. ಯಾವ ನಾಯಕನಟ ಹಾಕ್ಕೊಂಡು ಬಂದ್ರೂ ಇಂಟರ್‌ವೆಲ್ ಬ್ಲಾಕಿಗೆ ಶಿಳ್ಳೆ ಗ್ಯಾರಂಟಿ!

ಸ್ಟೇಜಿನ ಮೇಲೆ ಟೈಟಲ್ ಕಾರ್ಡು

2024ರ ನವೆಂಬರ್‌ನ ಒಂದು ಭಾನುವಾರ, ಬೀದಿಯ ರಾಜ್ಯೋತ್ಸವ. ಆರ್ಕೆಸ್ಟ್ರಾಗೆ ಮುಂಚೆ ಇಪ್ಪತ್ತು ನಿಮಿಷ ನಮಗೆ ಕೊಟ್ಟರು. ಸಂಘದ ಹುಡುಗರೇ ಮಾಡೆಲ್‌ಗಳು. ಜಿಮ್ಮಿಗೆ ಹೋಗೋನು ಕೌದಿ ಕೋಟು ಹಾಕ್ಕೊಂಡ, ಸ್ವಿಗ್ಗಿ ಓಡಿಸೋನು ಫ್ಲೆಕ್ಸ್ ಬೆನ್ನಿನ ಜಾಕೆಟ್ಟು. ಎಲ್ಲರಿಗೂ ಅಣ್ಣನ ನಡಿಗೆ ಬರುತ್ತೆ, ರಿಹರ್ಸಲ್ಲೇ ಬೇಕಿಲ್ಲ. ಮೊದಲು ಜನ ನಕ್ಕರು. "ಏನ್ರೋ, ಕಸದ ಗಾಡಿ ಬಂತಾ?" ಅಂತ ಒಂದು ಕೂಗು.

ಹಿಂದಿನ ರಾತ್ರಿ ಅಮ್ಮ ಒಂದು ಷರತ್ತು ಹಾಕಿದ್ದರು. "ಸೇವೆ ಅಂತ ನಮ್ಮ ಹತ್ರ ಪುಕ್ಕಟೆ ಹೊಲಿಸ್ಕೋಬೇಡಿ. ಕಟೌಟಿಗೆ ಪೇಂಟರಿಗೆ, ಕಟ್ಟೋರಿಗೆ ಕೊಡ್ತಿದ್ರಲ್ಲ, ಹಾಗೇ ನಮಗೂ ಕೂಲಿ ಕೊಡಿ. ಹೆಸರೂ ಹೇಳಿ. ಹನ್ನೊಂದು ವರ್ಷ ಬೇರೆಯೋರ ಹೆಸರಿನ ಪಟ್ಟಿ ಹೊಲಿದಿದ್ದು ಸಾಕು." ಡಬ್ಬಿಯ ದುಡ್ಡು ಹೊರಗೆ ಬಂತು. ಚೀಲಕ್ಕಿಷ್ಟು, ಜಾಕೆಟ್ಟಿಗಿಷ್ಟು ಅಂತ ಕೂಲಿ ನಿಗದಿ ಆಯ್ತು. ಪ್ರತಿ ಬಟ್ಟೆ ಒಳಗೂ ಹೊಲಿದೋರ ಹೆಸರು ದಾರದಲ್ಲಿ ಬರೆದದ್ದಾಯ್ತು.

ಸ್ಟೇಜಿನಲ್ಲಿ ಮೈಕ್ ಹಿಡಿದಿದ್ದು ನಾನು. ಒಬ್ಬೊಬ್ಬ ಹುಡುಗ ಬಂದ ಹಾಗೆ ಸಿನಿಮಾ ಟೈಟಲ್ ಓದೋ ಗತ್ತಿನಲ್ಲಿ "ವಸ್ತ್ರಾಲಂಕಾರ..." ಅಂತ ಎಳೆದು ಹೊಲಿದೋರ ಪೂರ್ತಿ ಹೆಸರು ಕೂಗಿದೆ. ಅಮ್ಮನ ಹೆಸರು, ಅಜ್ಜಿ ಹೆಸರು. ಟೈಲರ್ ಮಾಮನ ಹೆಸರು ಕೂಗಿದಾಗ ಬೀದಿಯೋರಿಗೆ ಅದು ಯಾರು ಅಂತಲೇ ಗೊತ್ತಾಗಲಿಲ್ಲ! ಮೂವತ್ತು ವರ್ಷದಿಂದ ಎಲ್ಲರಿಗೂ ಅವರು ಬರೀ ಮಾಮ. ಗೊತ್ತಾದ ಮೇಲೆ ಬಿತ್ತು ನೋಡಿ ಶಿಳ್ಳೆ, ಹೊಸ ಚಿತ್ರದ ಮೊದಲ ಆಟಕ್ಕೆ ಬೀಳೋ ಅಂಥದ್ದು. ಮಾಮ ಟೇಪನ್ನ ಕುತ್ತಿಗೆಯಿಂದ ತೆಗೆದು ಜೇಬಿಗೆ ಹಾಕ್ಕೊಂಡು, ಮತ್ತೆ ತೆಗೆದು ಕುತ್ತಿಗೆಗೆ ಹಾಕ್ಕೊಂಡರು. ಏನು ಮಾಡಬೇಕು ಅಂತ ಅವರಿಗೇ ತಿಳೀಲಿಲ್ಲ.

ಚೀಲಗಳು ಆ ರಾತ್ರಿಯೇ ಖಾಲಿ. ಜಾಕೆಟ್ ಎರಡು ಹೋದವು. ಕೌದಿ ಕೋಟನ್ನ ಮುಟ್ಟದೋರಿಲ್ಲ, ಕೊಂಡೋರೂ ಇಲ್ಲ. "ಹಳೇ ಬಟ್ಟೆಗೆ ಇಷ್ಟು ರೇಟಾ?" ಅಂತ ಒಬ್ಬರು ಕೇಳಿದ್ರು. ಅಮ್ಮ ಲೆಕ್ಕ ಒಪ್ಪಿಸಿದರು: "ಬಿಚ್ಚೋಕೆ ಅರ್ಧ ದಿನ, ಹೊಂದಿಸೋಕೆ ಅರ್ಧ ದಿನ, ಹೊಲಿಯೋಕೆ ಅಜ್ಜಿಗೆ ಹದಿನೈದು ದಿನ. ಬಟ್ಟೆ ಹಳೇದು ಸಾರ್, ಕೂಲಿ ಹಳೇದಲ್ಲ."

ಎಲ್ಲಿಗೆ ಬಂತು?

ಇದರಿಂದ ಯಾರೂ ಶ್ರೀಮಂತರಾಗಲಿಲ್ಲ. ಅಮ್ಮ ಈಗಲೂ ಫಾಲ್ಸು, ನೈಟಿ ಹೊಲೀತಾರೆ. ಆದ್ರೆ ತಿಂಗಳಿಗೆ ನಾಲ್ಕೈದು ಜನ ಹಳೇ ಜೀನ್ಸ್ ಹಿಡ್ಕೊಂಡು ಬಂದು "ಇದರಲ್ಲಿ ಏನಾದ್ರೂ ಮಾಡ್ಕೊಡಿ" ಅಂತಾರೆ. ಮಾಮನ ಅಂಗಡಿಗೆ ಇಬ್ಬರು ಹುಡುಗರು ಕೆಲಸ ಕಲಿಯೋಕೆ ಬರ್ತಿದ್ದಾರೆ. ರೆಡಿಮೇಡ್ ಬಂದಮೇಲೆ ಅವರ ಹತ್ರ ಕಲಿಯೋಕೆ ಬಂದೋರು ಇವರೇ ಮೊದಲು.

ಊರಲ್ಲಿ ನಾವೊಬ್ಬರೇ ಏನಲ್ಲ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುವಾದ ರಿಪೇರಿ ಕೆಫೆ ಅನ್ನೋ ಪದ್ಧತಿಯನ್ನ ಅಂತರಾ ಮುಖರ್ಜಿ, ಪೂರ್ಣಾ ಸರ್ಕಾರ್ ಅನ್ನೋ ಇಬ್ಬರು 2015ರಲ್ಲಿ ಬೆಂಗಳೂರಿಗೆ ತಂದರು. ಕೆಟ್ಟ ಮಿಕ್ಸಿ, ಹರಿದ ಬಟ್ಟೆ ತಗೊಂಡು ಹೋದ್ರೆ ಜೊತೆಗೆ ಕೂತು ರಿಪೇರಿ ಮಾಡೋದನ್ನ ಹೇಳಿಕೊಡೋ ಕೂಟ ಅದು. ಲೆಕ್ಕಾನೂ ಕೇಳಿ: ಒಂದು ಹತ್ತಿ ಟೀ ಶರ್ಟ್ ತಯಾರಾಗೋಕೆ ಅಂದಾಜು 2,700 ಲೀಟರ್ ನೀರು ಬೇಕಂತೆ. ನೂರು ಕಿಲೋಮೀಟರ್ ದೂರದಿಂದ ಕಾವೇರಿ ಎತ್ತಿ ತಂದು ಕುಡಿಯೋ ಊರಿನೋರು ನಾವು. 2024ರ ಬೇಸಿಗೇಲಿ ಟ್ಯಾಂಕರ್ ಹಿಂದೆ ಕೊಡ ಹಿಡ್ಕೊಂಡು ಓಡಿದ್ದು ಮರೆತಿಲ್ಲವಲ್ಲ?

ಆದ್ದರಿಂದ ಗೆಳೆಯರೇ, ಮುಂದಿನ ಹುಟ್ಟುಹಬ್ಬಕ್ಕೆ ನಿಮ್ಮ ಸಂಘ ಸಭೆ ಸೇರಿದಾಗ ಒಂದು ಮಾತು ಎತ್ತಿ. ನಿಮ್ಮ ಬೀದೀಲೂ ಒಬ್ಬ ಟೈಲರ್ ಇದ್ದಾರೆ, ಗಾರ್ಮೆಂಟ್ಸ್ ಬಿಟ್ಟ ಒಬ್ಬ ಅಕ್ಕ ಇದ್ದಾರೆ, ಊರಿಂದ ಬಂದ ಒಬ್ಬ ಅಜ್ಜಿ ಇದ್ದಾರೆ. ನಿಮ್ಮ ತಾರಸೀಲಿ ಫ್ಲೆಕ್ಸ್ ಇದೆ, ಬೀರುವಿನಲ್ಲಿ ಹಳೇ ಜೀನ್ಸ್ ಇದೆ. ಕೂಲಿ ಕೊಡಿ, ಹೆಸರು ಕೂಗಿ. ಉಳಿದದ್ದನ್ನ ನಿಮ್ಮ ನಡಿಗೆ ನೋಡ್ಕೊಳ್ಳುತ್ತೆ.

ಅಂದ ಹಾಗೆ, ಟೈಲರ್ ಮಾಮನ ಹೆಸರು ಇಲ್ಲಿ ಯಾಕೆ ಬರೀಲಿಲ್ಲ ಅಂತೀರಾ? ಪದ್ಮನಾಭನಗರಕ್ಕೆ ಬಂದು ಒಂದು ಚೀಲ ಕೊಂಡ್ಕೊಳ್ಳಿ. ಒಳಗಡೆ ಕೆಂಪು ದಾರದಲ್ಲಿದೆ.